ಮಂಗಳ ಗ್ರಹದ ಆರನೆಯ ಪುಸ್ತಕ

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಅಕ್ಕನಿಗೆ ನಾನು ಮಾಡಿದ ಮೋಸ ನೆನಪಾಗಿ ಈ ವಯಸ್ಸಿನಲ್ಲೂ ಅಂಗೈ ಬೆವರುತ್ತದೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅಂದು ಮಧ್ಯಾಹ್ನ ಅಕ್ಕ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದಳು. ಒಡಲಿನ ಎಳೆಗಳನ್ನು ನಾನು, ಸೆರಗಿನವನ್ನು ಅಕ್ಕ ಬಿಗಿಯಾಗಿ ಹಿಡಿದಿರಬೇಕಿತ್ತು. ನನ್ನ ತೊಡೆಯ ಮೇಲೆ, ಊಟ ಬಿಟ್ಟು ಓದುತ್ತಿದ್ದ ಮಂಗಳ ಗ್ರಹದ ಸಾಹಸ ಮಾಲೆಯ ಆರನೆಯ ಪುಸ್ತಕವಿತ್ತು. ನಾಯಕನ ಗಗನನೌಕೆಗೆ ಬೆಂಕಿ ಹತ್ತಿತ್ತು. ಪುಟ ತಿರುವಲು ಕೈ ಬಿಟ್ಟೆ. ನೂರಾರು ಎಳೆಗಳು ಜಾರಿ ಸಿಕ್ಕುಗಟ್ಟಿದವು.

ಅಪ್ಪ ಒಳಗೆ ಬಂದ. "ಯಾರ್ಲೇ ಕೈ ಬಿಟ್ಟವ್ರು?"

ಪುಸ್ತಕವನ್ನು ಆಗಲೇ ಅಂಗಿಯೊಳಗೆ ತುರುಕಿದ್ದೆ. "ಅಕ್ಕ ತೂಕಡಿಸಿದ್ಳಪಾ" ಎಂದೆ.

ಅಕ್ಕ ನನ್ನ ಅಂಗಿಯ ಉಬ್ಬನ್ನೇ ನೋಡಿದಳು. ಹೇಳಿಬಿಡುತ್ತಾಳೆಂದುಕೊಂಡೆ. ಆಕೆ ಬಗ್ಗಿ ಸಿಕ್ಕು ಬಿಡಿಸತೊಡಗಿದಳು.

"ರಾತ್ರಿ ಓದೂದು, ಹಗಲು ತೂಕಡಸೂದು," ಎಂದ ಅಪ್ಪ. "ಸಾಲಿ ಸಾಕವ್ವಾ ನಿನಗ. ನಾಳಿಂದ ಮಗ್ಗಕ್ಕ ಕೂಡು."

ಖರೆ ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಿದ. ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಅವ್ವ ಅಕ್ಕನ ಹೊಸ ಪಾಟಿಚೀಲವನ್ನು ನನ್ನ ಹೆಗಲಿಗೆ ಹಾಕಿ ಸಾಲೆಗೆ ಕಳಿಸಿದಳು.