ಅಡುಗೆ ಕಟ್ಟೆಯ ಹುಳ

“ಕಲ್ಲಿಗಿ ಹುಳ ಬಿದ್ದಾವ!”

ದೋರನಹಳ್ಳಿಯ ಜಗದೇವಪ್ಪ ಸಾವುಕಾರರು ಹೊಸ ಮನೆಯ ಅಡುಗೆ ಕಟ್ಟೆಯ ಮೇಲೆ ಬೆರಳಿಟ್ಟು ಕೂಗಿದಾಗ, ಅದನ್ನು ಕಟ್ಟಿ ಮುಗಿಸಿ ಒರೆಸುತ್ತಿದ್ದ ಗೌಂಡಿ ಫಕ್ರುದ್ದೀನ ಬಟ್ಟೆ ಬಿಟ್ಟು ಬಗ್ಗಿ ನೋಡಿದ. ಬೆಳಗಾದರೆ ಗೃಹಪ್ರವೇಶ. ಊರೆಲ್ಲ ಹಾಸುವ ಫರಸಿಕಲ್ಲು ಬೇಡ, ಫಾರಿನ್ ಕಲ್ಲೇ ಬೇಕೆಂದು ಹಟ ಹಿಡಿದವರು ಸಾವುಕಾರರೇ. ಈಗಷ್ಟೇ ಪಾಲಿಶ್ ಮಾಡಿ ಧೂಳು ಒರೆಸಿದ ಆ ಕರಿಕಲ್ಲಿನಲ್ಲಿ ಗೇಣುದ್ದದ, ಒಂದು ತುದಿ ಚೂಪಾದ ಬಿಳಿ ಆಕಾರವೊಂದು ಮೈತುಂಬ ಅಡ್ಡಗೆರೆ ಎಳೆದುಕೊಂಡು ಆರಾಮಾಗಿ ಮಲಗಿತ್ತು.

“ಅದು ಕಲ್ಲಿನ ಡಿಜೈನ್ ರೀ,” ಎಂದ ಫಕ್ರುದ್ದೀನ, ಜೇಬಿನ ನಾಣ್ಯದಿಂದ ಕುಟ್ಟಿ ತೋರಿಸಿದ. ಖಣ್ ಎಂದಿತು. “ಹುಳ ಬಿದ್ದಿದ್ರ ಬದ್ ಅಂತಿತ್ತು.” ಆ ಸೀಮೆಯಲ್ಲಿ ಕಲ್ಲಿನ ವಿಷಯಕ್ಕೆ ನಾಣ್ಯಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಸಾವುಕಾರರು ಅರ್ಧ ಒಪ್ಪಿದರು.

ಅಷ್ಟರಲ್ಲಿ ಬಂದಳು ಮಗಳು ಮಲ್ಲೇಶ್ವರಿ. ಬಿ.ಎಸ್ಸಿ. ಓದುವ ಹುಡುಗಿ, ಗೊತ್ತಿದ್ದನ್ನು ಹೇಳದೆ ಇರುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

“ಹುಳ ಅಲ್ಲಪಾ, ನಾಟಿಲಾಯ್ಡ್! ನಲವತ್ತು ಕೋಟಿ ವರ್ಷದ ಹಿಂದ ಸಮುದ್ರದಾಗ ಇದ್ದ ಪ್ರಾಣಿ. ಬೆಳದಂಗ ಬೆಳದಂಗ ಚಿಪ್ಪಿಗಿ ಮುಂದ ಹೊಸ ಖೋಲಿ ಕಟ್ಟತಿತ್ತು, ಹಿಂದಿಂದು ಮುಚ್ಚತಿತ್ತು. ಈ ಗೆರಿ ಅದಾವಲ್ಲ, ಅವು ಖೋಲಿ ಗ್ವಾಡಿ. ಹಿಂಗ ನೆಟ್ಟನ ಚಿಪ್ಪಿನವೆಲ್ಲ ಅಳಿದು ಹೋದ್ವು. ಸುರುಳಿ ಚಿಪ್ಪಿನ ಬೀಗರು ಇನ್ನೂ ಸಮುದ್ರದಾಗ ಅದಾರ.”

ಜೀವಮಾನವಿಡೀ ಗೃಹಪ್ರವೇಶ ಮಾಡಿಕೊಂಡೇ ಸತ್ತ ಪ್ರಾಣಿ! ಗೌಂಡಿಗೆ ಅದರ ಮೇಲೆ ಪ್ರೀತಿಯೇ ಬಂತು. ಸಾವುಕಾರರ ಮುಖ ಮಾತ್ರ ಕಪ್ಪಿಟ್ಟಿತು.

“ಅಂದ್ರ ಇದು... ಮಾಂಸ?”

“ಇತ್ತು,” ಎಂದಳು ಮಗಳು.

“ಅಡಗಿ ಮನ್ಯಾಗ! ಏಳು ತಲಿಯಿಂದ ತತ್ತಿ ಮುಟ್ಟಿಲ್ಲ ನಮ್ಮ ಮನಿತನ. ನಾಳೆ ಸ್ವಾಮಿಗೋಳು ಪ್ರಸಾದಕ್ಕ ಬರತಾರ. ಏ ಫಕ್ರುದ್ದೀನ, ಈಗಿಂದೀಗ ಕಟ್ಟಿ ಒಡಿ!”

ಹದಿನೈದು ದಿನ ಕೂತು, ಕೂದಲೆಳೆಯಷ್ಟು ಸಂದು ಬಿಡದೆ ಕೂಡಿಸಿದ ಕಟ್ಟೆ. ಫಕ್ರುದ್ದೀನ ಸುತ್ತಿಗೆ ಹಿಡಿದ, ಕೈ ಏಳಲಿಲ್ಲ. ಅವನಿಗೆ ಅಳುವೇ ಬಂತು. ನಲವತ್ತು ಕೋಟಿ ವರ್ಷ ಅಡಗಿ ಕೂತದ್ದು ಇನ್ನೊಂದು ದಿನ ಅಡಗಿರಬಾರದಿತ್ತೆ?

ಸಾವುಕಾರರು ಸಿಟ್ಟು ಇಳಿಸಿಕೊಳ್ಳಲು ಎಲೆಯಡಿಕೆ ಚೀಲ ಬಿಚ್ಚಿ, ಎಲೆಯ ಬೆನ್ನಿಗೆ ಸುಣ್ಣ ಸವರತೊಡಗಿದರು. ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಅನ್ನಮ್ಮ ಆಗ ಬಾಯಿ ಬಿಟ್ಟಳು.

“ಕಲ್ಲಿನ ಸುಣ್ಣ ನಾಲಿಗಿ ಸುಡತದ, ಚಿಪ್ಪು ಸುಟ್ಟ ಸುಣ್ಣಾನೇ ಬೇಕಂತ ಹಟ ಮಾಡಿ ತರಸ್ತೀರಲ್ರಿ, ಆ ಚಿಪ್ಪಿನೊಳಗ ಏನು ಬದನಿಕಾಯಿ ಇತ್ತೇನು?”

ಹೆಬ್ಬೆರಳು ಎಲೆಯ ಮೇಲೆಯೇ ನಿಂತಿತು. ಸಾವುಕಾರರು ಎಲೆ ನೋಡಿದರು, ಕಟ್ಟೆ ನೋಡಿದರು, ಮತ್ತೆ ಎಲೆ ನೋಡಿದರು. ಆಮೇಲೆ ಎಲೆ ಮಡಿಚಿ ದವಡೆಗೆ ಒತ್ತಿಕೊಂಡರು.

“ಫಕ್ರುದ್ದೀನ, ಗ್ಯಾಸಿನ ಒಲಿ ಸರೀ ಅದರ ಮ್ಯಾಲೇ ಇಡು,” ಎಂದರು ಅಗಿಯುತ್ತ. “ಬಾಲ ಕಾಣಬಾರದು.”