ಒಂಬತ್ತನೇ ಗೋದಾಮು

೨೦೦೪ರ ಮಾರ್ಚ್ ೧೮, ಗುರುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಾರ್ಕಳದ ಗೇರುಬೀಜ ಕಾರ್ಖಾನೆಯ ಕಚೇರಿಯಲ್ಲಿ ಸಂಗಮೇಶ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು ಗೋದಾಮಿನ ಗುಮಾಸ್ತೆ ಮನೋರಮಾ ಅವರನ್ನು ಕೇಳಿದ:

“ಅಕ್ಕಾರ, ಎಂಟೂ ಗೋದಾಮು ನೋಡಿ ಬಂದೆ. ಒಂಬತ್ತನೇದು ಎಲ್ಲಿ ಐತ್ರಿ?”

“ಅದು ಇಲ್ಲ.”

“ಇಲ್ಲ ಅಂದ್ರ? ಕಂಪ್ಯೂಟರಿನಾಗ ಅದರೊಳಗ ಇನ್ನೂರಾ ಹನ್ನೆರಡು ಟನ್ ಬೀಜ ಐತಿ.”

“ಕಂಪ್ಯೂಟರಿನಲ್ಲಿ ಉಂಟು. ಭೂಮಿಯ ಮೇಲೆ ಇಲ್ಲ.”

ಏಪ್ರಿಲ್ ಒಂದರಿಂದ ಕಾರ್ಖಾನೆಯ ಖರೀದಿ, ದಾಸ್ತಾನು, ಉತ್ಪಾದನೆ ಎಲ್ಲವೂ ಹಳೆಯ ಪ್ರೋಗ್ರಾಮಿನಿಂದ ಇಆರ್‌ಪಿ ಎಂಬ ಹೊಸ ಪ್ರೋಗ್ರಾಮಿಗೆ ಹೋಗಬೇಕಿತ್ತು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ ಅಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ನಿಂತ ಬಾಗಲಕೋಟೆಯ ಸಂಗಮೇಶ ಆ ವರ್ಗಾವಣೆಯ ಯೋಜನೆ ಹಾಕುತ್ತಿದ್ದ. ಕಣ್ಣಾರೆ ಕಂಡ ದಾಸ್ತಾನು ಮಾತ್ರ ಹೊಸದಕ್ಕೆ ಹೋಗಬೇಕು ಎಂಬುದು ಅವನ ನಿಯಮ.

ಮಾಲೀಕ ರೊಸಾರಿಯೊ ಚಹಾದ ಲೋಟ ಕೆಳಗಿಟ್ಟರು. “ಮನೋರಮಾ, ಎಂತ ಇದು? ಇಪ್ಪತ್ತೊಂದು ಲಾರಿ ಬೀಜ.”

“ಬಿಸಿಲು, ಸರ್. ಬರುವಾಗ ಚೀಲಕ್ಕೆ ಎಂಬತ್ತು ಕಿಲೋ ಇರುತ್ತದೆ. ಅಂಗಳದಲ್ಲಿ ಒಣಗಿದ ಮೇಲೆ ಅಷ್ಟು ಇರುವುದಿಲ್ಲ. ತೊಂಬತ್ತಮೂರರಲ್ಲಿ ಬಂದ ಈ ಪ್ರೋಗ್ರಾಮಿಗೆ ಒಣಗುವುದು ಅಂದರೆ ಎಂತ ಅಂತಲೇ ಗೊತ್ತಿಲ್ಲ. ಒಂದು ಗೋದಾಮಿನಿಂದ ಕಳೆದದ್ದನ್ನು ಇನ್ನೊಂದಕ್ಕೆ ಕೂಡಿಸಲೇಬೇಕು ಅನ್ನುತ್ತದೆ. ಹಾಗೆ ಒಣಗಿ ಕಡಿಮೆಯಾದದ್ದನ್ನು ಹಾಕಲು ನಾನೇ ಅದರೊಳಗೆ ಒಂದು ಗೋದಾಮು ಕಟ್ಟಿದೆ.”

“ಹನ್ನೊಂದು ವರ್ಷದಲ್ಲಿ ನನಗೊಂದು ಮಾತು ಹೇಳಲಿಲ್ಲ.”

“ತಾಳೆ ಆಯಿತಾ ಅಂತ ಮಾತ್ರ ಕೇಳುತ್ತಿದ್ದಿರಿ. ಆಯಿತು ಅಂತ ಹೇಳುತ್ತಿದ್ದೆ.”

ಸಂಗಮೇಶನಿಗೆ ನಗು ಬಂತು. ರೊಸಾರಿಯೊ ನಗಲಿಲ್ಲ. “ಕದ್ದವರೂ ಇದನ್ನೇ ಹೇಳುತ್ತಾರೆ, ಬಿಸಿಲು ತಿಂದಿತು ಅಂತ.”

ಮನೋರಮಾ ಕಪಾಟು ತೆರೆದು ಹನ್ನೊಂದು ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು, ವರ್ಷಕ್ಕೊಂದು. ಒಳಗೆಲ್ಲ ಚೀಟಿಗಳು: ತಾರೀಕು, ಒಣಗುವ ಮೊದಲಿನ ತೂಕ, ಒಣಗಿದ ಮೇಲಿನ ತೂಕ.

“ನೀವೇ ಬರೆದದ್ದಲ್ವಾ?” ಎಂದರು ರೊಸಾರಿಯೊ.

“ನಾನೇ. ನಂಬಿಕೆ ಇಲ್ಲದಿದ್ದರೆ ನೀವೇ ತೂಗಿ.”

ಸಂಗಮೇಶ ಕ್ಯಾಲ್ಕುಲೇಟರ್ ತೆಗೆದ. ಹನ್ನೊಂದು ವರ್ಷದಲ್ಲಿ ಅರವತ್ತೈದು ಸಾವಿರ ಚೀಲ ಬಂದಿತ್ತು. “ಚೀಲಕ್ಕ ಮೂರೂಕಾಲು ಕಿಲೋ ಹೋದಂಗಾತು. ಹೊಸಾ ಬೀಜದ ಮೂರು ಚೀಲ ಒಣಗಿಸಿ ನೋಡೋಣ್ರಿ ಸರ್. ಮೂರೂ ಸೇರಿ ಹತ್ತು ಕಿಲೋ ಹತ್ರ ಇಳಿದ್ರ ಅಕ್ಕಾರ ಮಾತು ಖರೆ. ಎರಡೋ ಮೂರೋ ಇಳಿದ್ರ...”

ಉಳಿದದ್ದನ್ನು ರೊಸಾರಿಯೊ ಹೇಳಿದರು: “ಪೊಲೀಸರಿಗೆ ಹೇಳುವುದು.”

“ಚೀಲ ನೀವೇ ಆರಿಸಿ, ಮಾರಾಯ್ರೆ,” ಎಂದರು ಮನೋರಮಾ. “ಅಂಗಳದ ಬೀಗದ ಕೈಯೂ ನಿಮ್ಮ ಹತ್ತಿರವೇ ಇರಲಿ. ಶನಿವಾರದವರೆಗೆ ನಾನು ಆ ಕಡೆ ಕಾಲಿಡುವುದಿಲ್ಲ.”

ಇಡಲೂ ಇಲ್ಲ. ಸಂಗಮೇಶನೇ ಪ್ಯಾಂಟು ಮಡಚಿಕೊಂಡು ಸಿಮೆಂಟ್ ಅಂಗಳದಲ್ಲಿ ಬೀಜ ಹರಡಿದ, ಗಂಟೆಗೊಮ್ಮೆ ಮಗುಚಿದ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದೆಸಿದ. ರೊಸಾರಿಯೊ ಕೊಡೆ ಹಿಡಿದು ಪಕ್ಕದಲ್ಲೇ ನಿಂತರು. ಶುಕ್ರವಾರದ ಹೊತ್ತಿಗೆ ಸಂಗಮೇಶನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬೀಜ ಸುಲಿಯುವ ಹೆಂಗಸರು ಕಿಟಕಿಯ ಬಳಿ ಬಂದು, ಇಂಜಿನಿಯರಿಗೆ ದಿನಗೂಲಿ ಎಷ್ಟು ಎಂದು ವಿಚಾರಿಸಿ ಹೋದರು. ಮನೋರಮಾ ಅಂಗಳಕ್ಕೆ ಬೆನ್ನು ಮಾಡಿ ಕುಳಿತು ಎಂಟು ಗೋದಾಮುಗಳ ಪಟ್ಟಿಯನ್ನು ಹೊಸ ನಮೂನೆಗೆ ತುಂಬಿಸುತ್ತಿದ್ದರು.

ಶನಿವಾರ ಸಂಜೆ ನಾಲ್ಕು ಗಂಟೆಗೆ ಮೂವರೂ ತೂಕದ ಯಂತ್ರದ ಮುಂದೆ ನಿಂತರು. ಮೊದಲ ಚೀಲ ಎಪ್ಪತ್ತೇಳು ಕಿಲೋ. ಎರಡನೆಯದು ಎಪ್ಪತ್ತಾರು ಕಿಲೋ ಆರುನೂರು ಗ್ರಾಂ. ಮೂರನೆಯದನ್ನು ರೊಸಾರಿಯೊ ಕನ್ನಡಕ ಒರೆಸಿಕೊಂಡು ತಾವೇ ಓದಿದರು: ಎಪ್ಪತ್ತಾರು ಕಿಲೋ ಎಂಟುನೂರು.

“ಒಟ್ಟು ಒಂಬತ್ತು ಕಿಲೋ ಆರುನೂರು ಗ್ರಾಂ ಇಳೀತ್ರಿ,” ಎಂದ ಸಂಗಮೇಶ. “ನೂರಕ್ಕ ನಾಕು. ಅಕ್ಕಾರ ಲೆಕ್ಕ ಖರೆ ಐತಿ.”

ರೊಸಾರಿಯೊ ಕಚೇರಿಗೆ ನಡೆದರು. ಹಿಂದೆಯೇ ಬಂದ ಮನೋರಮಾ ಎಂದಿನಂತೆ ಮೇಜಿನ ಪಕ್ಕ ನಿಂತಾಗ, ಅವರು ತಮ್ಮ ಎದುರಿನ ಕುರ್ಚಿಯನ್ನು ಹೊರಗೆಳೆದು ಕೊಟ್ಟರು.

“ಕುಳಿತುಕೊಳ್ಳಿ. ನಾನು ಆ ಮಾತು ಹೇಳಬಾರದಿತ್ತು.”

ಮನೋರಮಾ ಕುಳಿತರು. “ಎರಡು ದಿನ ನಿದ್ದೆ ಬರಲಿಲ್ಲ ಸರ್,” ಎಂದಷ್ಟೇ ಅಂದರು.

ಸಂಗಮೇಶ ಯೋಜನೆಯ ಹಾಳೆಯಲ್ಲಿ ಒಂಬತ್ತನೇ ಗೋದಾಮಿನ ಸಾಲನ್ನು ಹೊಡೆದುಹಾಕಿದ. “ಹೊಸದರಾಗ ಒಣಗೋದಕ್ಕ ಬ್ಯಾರೇನ ಕಾಲಂ ಐತ್ರಿ. ತಿಂಗಳಿಗೊಂದು ಅಂಕಿ ಬೇಕು. ಮಾರ್ಚ್ ನಾಕು. ಏಪ್ರಿಲ್ ಎಷ್ಟು ಬರೀಲಿ, ಅಕ್ಕಾರ?”

“ಮೂರೂಮುಕ್ಕಾಲು.”

“ಮೇ?”

“ಮೇ ಕೊನೆಗೆ ಹನಿ ಮಳೆಗೆ ಸಿಕ್ಕಿದ ಬೀಜ ಬರುತ್ತದೆ. ಐದೂವರೆ.”

ಡಬ್ಬಿಗಳು ಮೇಜಿನ ಮೇಲೆಯೇ ಇದ್ದವು. ತಾಳೆ ನೋಡಲು ಯಾರೂ ಮುಚ್ಚಳ ತೆಗೆಯಲಿಲ್ಲ. ಸಂಗಮೇಶ ರೊಸಾರಿಯೊ ಅವರ ಮುಖ ನೋಡಿದ.

“ಅವರು ಹೇಳಿದ್ದನ್ನು ಬರೆಯಿರಿ,” ಎಂದರು ರೊಸಾರಿಯೊ.

ಅವನು ಬರೆದ: ಮೇ, ನೂರಕ್ಕೆ ಐದೂವರೆ.