ಲೆನ್ಸಿಗೆ ಕುಂಕುಮ

ಕುಂಕುಮ ಅದ್ದಿದ ಬೆರಳು ಇನ್ನೇನು ಕ್ಯಾಮೆರಾದ ಲೆನ್ಸನ್ನು ಮುಟ್ಟಬೇಕು, ಅಷ್ಟರಲ್ಲಿ ಕೋಕಿಲಾ ಗಂಡನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. "ರೀ, ಅಲ್ಲಿಗೆ ಇಡ್ಬೇಡಿ! ಗಾಜು ಹಾಳಾಗುತ್ತೆ."

ಗೋಪೀನಾಥ ಬೆಪ್ಪಾದ. ಆಯುಧಪೂಜೆಗೆಂದು ಅಟ್ಟ ಗುಡಿಸುವಾಗ ಸಿಕ್ಕಿದ್ದು ಈ ಹಳೆಯ ರೀಲ್ ಕ್ಯಾಮೆರಾ, ಜೊತೆಗೆ ಒಂದು ಕಟ್ಟು ಫೋಟೋಗ್ರಫಿ ಪತ್ರಿಕೆ. ತನ್ನ ಅಣ್ಣನದ್ದಿರಬೇಕೆಂದುಕೊಂಡು ಪತ್ರಿಕೆಗಳನ್ನು ರದ್ದಿಗೆ ಎತ್ತಿಟ್ಟು, ಕ್ಯಾಮೆರಾವನ್ನು ತನ್ನ ಸ್ಕೂಟರ್ ಕೀ, ಮಗಳು ಸಿಂಚನಾಳ ಲ್ಯಾಪ್‌ಟಾಪ್‌ಗಳ ಸಾಲಿಗೆ ಸೇರಿಸಿದ್ದ. ಸಾಲಿನ ಕೊನೆಗೆ, ಪ್ರತಿವರ್ಷದಂತೆ, ಕೋಕಿಲಾಳ ಪಾಲಿನ ಈಳಿಗೆಮಣೆ.

"ನಿಂಗೆ ಹೇಗೆ ಗೊತ್ತು?" ಎಂದ.

ಅವಳು ಕ್ಯಾಮೆರಾ ಎತ್ತಿಕೊಂಡು, ಲೆನ್ಸಿನ ಧೂಳನ್ನು ಉಫ್ ಎಂದು ಊದಿ, ಕಣ್ಣಿಗೆ ಹಿಡಿದಳು. ಎಡ ಅಂಗೈ ತಾನಾಗಿಯೇ ಲೆನ್ಸಿನ ಅಡಿಗೆ ಹೋಗಿ ಕೂತಿತು. ಬೆರಳುಗಳು ಫೋಕಸ್ ತಿರುಗಿಸಿದವು, ಉಸಿರು ನಿಂತಿತು. ಎದುರಿಗಿದ್ದ ಗೋಪೀನಾಥನೂ ಯಾಕೋ ಉಸಿರು ಬಿಗಿಹಿಡಿದ.

"ನಂದು ರೀ," ಎಂದಳು, ಕ್ಯಾಮೆರಾ ಇಳಿಸದೆ. "ಮದ್ವೆಗೆ ಮುಂಚೆ ಇದನ್ನ ನೇತಾಕ್ಕೊಂಡು ಮಹಾಲಕ್ಷ್ಮಿ ಲೇಔಟೆಲ್ಲಾ ಸುತ್ತುತಿದ್ದೆ. ಈ ಮನೇಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಗೋಪೀನಾಥ ಎದ್ದು ಹೋಗಿ, ಬಾಗಿಲ ಬಳಿ ಇಟ್ಟಿದ್ದ ಪತ್ರಿಕೆಗಳ ಕಟ್ಟನ್ನು ತಂದು ದೇವರ ಮುಂದಿಟ್ಟ. ಕುಂಕುಮದ ಬಟ್ಟಲನ್ನು ಅವಳತ್ತ ಚಾಚಿ, "ಎಲ್ಲಿಡ್ಬೇಕೋ ನೀನೇ ಇಡು," ಎಂದ. ಆಮೇಲೆ ಬಗ್ಗಿ, ಈಳಿಗೆಮಣೆಯನ್ನು ಸಾಲಿನ ಕೊನೆಯಿಂದ ಎತ್ತಿ, ತನ್ನ ಸ್ಕೂಟರ್ ಕೀ ಪಕ್ಕಕ್ಕೆ ಇಟ್ಟುಕೊಂಡ.